ಗಾರ್ಗಿಯ ಮಣಿಕಟ್ಟು

ಹಂಚು ಕಾದಿತ್ತು, ಹಿಟ್ಟು ನಾದಿ ಆಗಿತ್ತು, ಆದರೆ ರೊಟ್ಟಿ ಬಡಿಯುವ ಸದ್ದು ನಿಂತುಹೋಗಿತ್ತು. ಸಿಂಕಿನ ಮುಂದೆ ಬದನೆಕಾಯಿ ತೊಳೆಯುತ್ತಿದ್ದ ವಿಜಯಾ ತಿರುಗಿ ನೋಡಿದಳು. ಮಗಳು ಗಾರ್ಗಿ ಹಿಟ್ಟು ಮೆತ್ತಿದ ಬಲಗೈಯನ್ನು ಎದೆಗೊತ್ತಿಕೊಂಡು ಕಟ್ಟೆಯ ಮುಂದೆ ನಿಂತಿದ್ದಳು.

"ಯಾಕವಾ, ನಿಂತ್ಯಲ್ಲ?" ಅಂದರು ಅತ್ತೆ ಕಮಲವ್ವ.

"ಕೈ ನೋಯಾಕತ್ತೈತಿ, ಆಯಿ."

"ದಿನಾ ಎರಡು ತಾಸು ಡ್ರಮ್ ಬಡಿಯಾಕ ನೋಯಂಗಿಲ್ಲ. ನಾಕು ರೊಟ್ಟಿ ಬಡಿ ಅಂದ್ರ ನೋಯತೈತಿ."

"ಡ್ರಮ್ ಬಡಿಯಾಗೂ ನೋಯತೈತಿ. ನಿಮಗ ಹೇಳಿಲ್ಲ ಅಷ್ಟ."

ಹದಿನಾರರ ಗಾರ್ಗಿ ಹುಟ್ಟಿದ್ದು ಹ್ಯೂಸ್ಟನ್ನಿನಲ್ಲಾದರೂ ಮಾತು ಕಲಿತದ್ದು ಅವಳು ಆಯಿ ಎಂದು ಕರೆಯುವ ಧಾರವಾಡದ ಅಜ್ಜಿಯ ತೊಡೆಯ ಮೇಲೆ. ಓರಗೆಯ ಮಕ್ಕಳೆಲ್ಲ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರೆ ಇವಳು ಮಾತ್ರ ಅಪ್ಪಟ ಧಾರವಾಡದ ಮುದುಕಿಯ ಹಾಗೆ ಮಾತಾಡಿ ಎಲ್ಲರನ್ನೂ ನಗಿಸುತ್ತಿದ್ದಳು. ಹತ್ತು ವರ್ಷಕ್ಕೇ ರೊಟ್ಟಿ ಬಡಿಯಲು ಕಲಿತಳು. ಮೈಸೂರಿನ ವಿಜಯಾಳಿಗೆ ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಆ ವಿದ್ಯೆ ಒಲಿದಿರಲಿಲ್ಲ. ಅವಳ ರೊಟ್ಟಿ ಅಂಚಿನಲ್ಲಿ ಹರಿದು ಹಂಚಿಗೆ ಹೋಗುವಷ್ಟರಲ್ಲಿ ನಾಲ್ಕು ತುಂಡಾಗುತ್ತಿತ್ತು. ಅತ್ತೆಯ ಮೊಣಕಾಲು ಸೋತಮೇಲೆ ಶನಿವಾರದ ರೊಟ್ಟಿ ತಾನಾಗಿ ಮಗಳ ಪಾಲಿಗೆ ಬಂದಿತ್ತು. ತನ್ನ ಪಾಲಿಗೆ ಬರಬೇಕಿದ್ದದ್ದು ಮಗಳಿಗೆ ಹೋಯಿತೆಂದು ವಿಜಯಾ ಒಂದು ದಿನವೂ ಯೋಚಿಸಿರಲಿಲ್ಲ.

ಅವಳು ಕೈ ಒರೆಸಿಕೊಂಡು ಬಂದು ಮಗಳ ಕೈ ತೊಳೆಸಿ ನೋಡಿದಳು. ಮಣಿಕಟ್ಟಿನ ಹಿಂಬದಿಯಲ್ಲಿ, ಗಡಿಯಾರ ಕಟ್ಟುವ ಜಾಗದಲ್ಲಿ, ದ್ರಾಕ್ಷಿಯಷ್ಟು ಗಾತ್ರದ ಗಂಟು. ಒತ್ತಿದರೆ ರಬ್ಬರಿನಂತೆ ಗಟ್ಟಿ. ಅಂಗೈ ಊರಿ ಮಣಿಕಟ್ಟನ್ನು ಹಿಂದಕ್ಕೆ ಬಗ್ಗಿಸಿದರೆ ಗಾರ್ಗಿಯ ಮುಖ ಬಿಳಚಿಕೊಳ್ಳುತ್ತಿತ್ತು. ರೊಟ್ಟಿ ಬಡಿಯುವಾಗ ಕೈ ಬಗ್ಗುವುದು ಹಾಗೆಯೇ.

ವಿಜಯಾ ಹ್ಯೂಸ್ಟನ್ ಬದಿಯ ಸ್ಟಾಫರ್ಡಿನ ಒಂದು ರಾಸಾಯನಿಕ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಗುಣಮಟ್ಟ ಪರೀಕ್ಷಿಸುವವಳು. ಯಾವುದನ್ನೂ ಅಳೆಯದೆ ನಂಬುವ ಅಭ್ಯಾಸ ಅವಳಿಗಿರಲಿಲ್ಲ. ಊಟವಾದ ಮೇಲೆ ಮಗಳನ್ನು ಕತ್ತಲೆ ಕೋಣೆಗೆ ಕರೆದೊಯ್ದು ಫೋನಿನ ಟಾರ್ಚನ್ನು ಗಂಟಿಗೆ ತಾಗಿಸಿ ಹಿಡಿದಳು. ಗಂಟು ದೀಪದಂತೆ ಕೆಂಪಗೆ ಬೆಳಗಿತು.

"ನೋಡು, ಬೆಳಕು ದಾಟ್ತಿದೆ. ಒಳಗೆ ಗಡ್ಡೆ ಇದ್ದರೆ ಹೀಗೆ ದಾಟಲ್ಲ, ಲೋಳೆ ಥರ ನೀರಿದೆ. ಗ್ಯಾಂಗ್ಲಿಯಾನ್ ಅಂತಾರೆ. ಕೀಲಿನ ನೀರು ಒಂದು ಸಣ್ಣ ಚೀಲ ಕಟ್ಟಿಕೊಂಡು ಹೊರಗೆ ಬಂದಿರುತ್ತೆ. ಕೆಲವು ತಾವೇ ಹೋಗ್ತವೆ. ಇಲ್ಲದಿದ್ದರೆ ಪಟ್ಟಿ ಕಟ್ಟಿ ವಿಶ್ರಾಂತಿ, ಸೂಜಿ ಹಾಕಿ ನೀರು ತೆಗೆಯೋದು, ಅದೂ ಆಗದಿದ್ದರೆ ಸರ್ಜರಿ."

ಗಾರ್ಗಿ ಫೋನು ಕಸಿದುಕೊಂಡು ತಾನೂ ಓದಿದಳು. "ಅಮ್ಮ, ಇಲ್ಲಿ ನೋಡು. ಹಿಂದಿನ ಕಾಲದಾಗ ದಪ್ಪ ಪುಸ್ತಕ ತಗೊಂಡು ಅದರ ಮ್ಯಾಲ ಹೊಡೀತಿದ್ರಂತ."

"ಈಗ ಯಾರೂ ಮಾಡಲ್ಲ. ಮೂಳೆಗೆ ಪೆಟ್ಟಾಗುತ್ತೆ. ಗಂಟೂ ವಾಪಸ್ ಬರುತ್ತೆ."

ಇಬ್ಬರೂ ನಕ್ಕಿದ್ದರು. ಆ ನಗುವನ್ನು ವಿಜಯಾ ಮುಂದೆ ಎಷ್ಟೋ ಸಲ ನೆನಪಿಸಿಕೊಂಡಳು.

ಏಪ್ರಿಲ್ ಹನ್ನೆರಡಕ್ಕೆ ಆಸ್ಟಿನ್ನಿನಲ್ಲಿ ಆಡಿಷನ್ ಇತ್ತು. ಬೇಸಿಗೆಯ ಡ್ರಮ್‌ಲೈನಿಗೆ, ಸಾಲಾಗಿ ನಡೆಯುತ್ತ ಡ್ರಮ್ ಬಾರಿಸುವ ತಂಡಕ್ಕೆ, ಇಡೀ ಟೆಕ್ಸಸ್ಸಿನಿಂದ ಎಂಟು ಸ್ನೇರ್ ಡ್ರಮ್ಮರುಗಳನ್ನು ಆರಿಸುತ್ತಿದ್ದರು. ಹಿಂದಿನ ವರ್ಷ ಗಾರ್ಗಿ ಒಂಬತ್ತನೆಯವಳಾಗಿ ಉಳಿದಿದ್ದಳು. ಅಂದಿನಿಂದ ಶಾಲೆಯಿಂದ ಬಂದವಳೇ ಗ್ಯಾರೇಜಿನಲ್ಲಿ ರಬ್ಬರಿನ ತಟ್ಟೆಯ ಮೇಲೆ ಎರಡು ತಾಸು ಅಭ್ಯಾಸ ಮಾಡುತ್ತಿದ್ದಳು. ನೋವನ್ನು ಮುಚ್ಚಿಟ್ಟದ್ದೂ ಅದಕ್ಕೇ. ವಿಜಯಾ ಸೋಮವಾರವೇ ಮಕ್ಕಳ ಡಾಕ್ಟರಿಂದ ಚೀಟಿ ತಂದು, ಕೈಯ ತಜ್ಞರ ಬಳಿ ಮಾರ್ಚ್ ಹನ್ನೊಂದಕ್ಕೆ ಸಮಯ ಗೊತ್ತು ಮಾಡಿದಳು.

"ಡಾಕ್ಟರ್ ಕಾಕಾಗ ಒಂದು ಮಾತು ಕೇಳಬೇಕಿತ್ತಲ್ಲ," ಅಂದ ಗಂಡ ವಿಶ್ವಾಸ್.

ಆ ಮನೆಯಲ್ಲಿ ಯಾರಿಗೆ ಏನಾದರೂ ಮೊದಲ ಫೋನು ಹೋಗುತ್ತಿದ್ದುದು ಡಾಲಸ್ ಬದಿಯ ಲೂಯಿಸ್‌ವಿಲ್ಲಿನ ಡಾಕ್ಟರ್ ಶ್ಯಾಮಸುಂದರ ಅವರಿಗೆ. ಹಲ್ಲುನೋವಿಗೂ ಅವರೇ, ಕಮಲವ್ವನ ಸಕ್ಕರೆಗೂ ಅವರೇ, ಗಾರ್ಗಿಯ ಕಣ್ಣಿಗೆ ಕನ್ನಡಕ ಬೇಕೋ ಬೇಡವೋ ಅಂತ ತೀರ್ಮಾನಿಸಿದವರೂ ಅವರೇ. ಮೂವತ್ತಾರು ವರ್ಷ ಅವರು ಮಾಡಿದ ಕೆಲಸ ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವುದು. ಗಂಟಿಗೂ ಎಲುಬಿಗೂ ಸಂಬಂಧವಿಲ್ಲದ ಕೆಲಸ. ಅದನ್ನು ಯಾರೂ ಎತ್ತುತ್ತಿರಲಿಲ್ಲ. ವಿಶ್ವಾಸ್‌ನ ತಂದೆಯ ಗೆಳೆಯರು, ವಿಶ್ವಾಸ್ ಎರಡು ಸೂಟ್‌ಕೇಸು ಹಿಡಿದು ಡಾಲಸ್ಸಿಗೆ ಬಂದಿಳಿದಾಗ ನಾಲ್ಕು ತಿಂಗಳು ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದವರು. ಅವರನ್ನು ಕೇಳದೆ ಬೇರೆ ಡಾಕ್ಟರ ಬಳಿ ಹೋಗುವುದೆಂದರೆ ಅವರ ಮುಖಕ್ಕೆ ಬಾಗಿಲು ಹಾಕಿದಂತೆ.

ಮಾರ್ಚ್ ಹತ್ತರಂದು, ನಾಳೆ ಎಷ್ಟು ಹೊತ್ತಿಗೆ ಹೊರಡೋಣವೆಂದು ವಿಜಯಾ ಕೇಳಿದಾಗ ವಿಶ್ವಾಸ್ ಸಾರಿನ ಬಟ್ಟಲಿನಿಂದ ತಲೆ ಎತ್ತಲಿಲ್ಲ.

"ಕ್ಯಾನ್ಸಲ್ ಮಾಡೇನಿ."

"ಯಾವುದನ್ನ?"

"ಅಪಾಯಿಂಟ್‌ಮೆಂಟ್. ಕಾಕಾ ವಿಡಿಯೋದಾಗ ನೋಡಿದ್ರು. ಯುಗಾದಿ ಕಾರ್ಯಕ್ರಮಕ್ಕ ಬರತಾರಲ್ಲ, ಬಂದಾಗ ತಾವ ನೋಡತೀನಿ ಅಂದ್ರು. ಸುಮ್ನ ಯಾಕ ತಜ್ಞರು, ಎಮ್ಮಾರೈ, ದಂಡ."

"ನನ್ನನ್ನ ಒಂದು ಮಾತು ಕೇಳಲಿಲ್ಲವಲ್ರೀ."

"ಕೇಳಿದ್ರ ಬ್ಯಾಡ ಅಂತಿದ್ದಿ."

ವಿಜಯಾ ತಟ್ಟೆ ಎತ್ತಿಕೊಂಡು ಎದ್ದಳು. ಮರುದಿನ ಬೆಳಿಗ್ಗೆ ಫೋನು ಮಾಡಿದಾಗ ಮುಂದಿನ ಖಾಲಿ ದಿನ ಮೇ ತಿಂಗಳಿಗೆ ಹೋಗಿತ್ತು. ಔಷಧಿ ಅಂಗಡಿಯಿಂದ ಒಂದು ಮಣಿಕಟ್ಟಿನ ಪಟ್ಟಿ ತಂದುಕೊಟ್ಟು, ಜಗಳವನ್ನು ಯುಗಾದಿ ಆಗಲೆಂದು ಮುಂದೂಡಿದಳು.

ಶ್ಯಾಮಸುಂದರ ಅವರು ಕಾರ್ಯಕ್ರಮದ ಹಿಂದಿನ ದಿನ, ಶನಿವಾರ, ಊಟದ ಹೊತ್ತಿಗೆ ಬಂದರು. ಕಾರಿನ ಡಿಕ್ಕಿಯ ತುಂಬ ಕನ್ನಡ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯ ಪೆಟ್ಟಿಗೆಗಳು. ಎರಡು ವರ್ಷ ಅವರೇ ಸಂಪಾದಿಸಿದ್ದು. ನಾನೂರು ಪುಟ, ಮಿರುಗುವ ಕಾಗದ, ಗಟ್ಟಿ ರಟ್ಟು. ವಿಶ್ವಾಸ್ ಒಂದೊಂದೇ ಪೆಟ್ಟಿಗೆ ಹೊತ್ತು ತಂದು ಹಾಲಿನಲ್ಲಿ ಪೇರಿಸಿದ.

ಎಣಗಾಯಿ, ಶೇಂಗಾ ಚಟ್ನಿ, ರೊಟ್ಟಿ, ಆಮೇಲೆ ಹೋಳಿಗೆ. ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಕಾಕಾ ಕೇಳಿದರು, "ಎಲ್ಲಿ ನಮ್ಮ ಡ್ರಮ್ಮರ್? ತೋರಸು ನಿನ್ನ ಗಂಟು."

ಗಾರ್ಗಿ ಪಟ್ಟಿ ಬಿಚ್ಚಿ ಕೈ ಚಾಚಿದಳು. ಅವರು ಹೆಬ್ಬೆರಳಿನಿಂದ ಒತ್ತಿದರು. ಅವಳು ಉಸಿರು ಎಳೆದುಕೊಂಡಳು.

"ಇಷ್ಟಕ್ಕ ಆಸ್ಪತ್ರಿಗೆ ಓಡತಿದ್ರೇನು? ಹುಬ್ಬಳ್ಳಿಯೊಳಗ ನಾವು ಹೌಸ್ ಸರ್ಜನ್ ಇದ್ದಾಗ ವಾರಕ್ಕ ನಾಕು ಒಡೀತಿದ್ವಿ. ವಿಶ್ವಾಸ, ಒಂದು ದಪ್ಪ ಪುಸ್ತಕ ತಗೊಂಬಾ."

"ದಪ್ಪ ಪುಸ್ತಕ ಈ ಮನಿಯಾಗ ಎಲ್ಲಿ ಬರಬೇಕು ಕಾಕಾ, ಎಲ್ಲಾ ಫೋನಿನಾಗ."

"ಹೌದಲ್ಲ, ನಾನ ತಂದೀನಲ್ಲ." ಕಾಕಾ ನಕ್ಕು ಹಾಲಿನ ಕಡೆ ಕೈ ತೋರಿಸಿದರು. "ನಾಳೆ ಸ್ಟೇಜಿನ ಮ್ಯಾಲ ಬಿಡುಗಡೆ. ಇವತ್ತ ನಮ್ಮ ಗಾರ್ಗಿ ಕೈ ಮ್ಯಾಲ."

ಎಲ್ಲರೂ ನಕ್ಕರು. ವಿಶ್ವಾಸ್ ಪೆಟ್ಟಿಗೆಯ ಟೇಪು ಕಿತ್ತು ಮೊದಲ ಪ್ರತಿ ತಂದ. ಗಾರ್ಗಿ ನಗಲಿಲ್ಲ. ಅವಳು ನೋಡಿದ್ದು ತಾಯಿಯ ಕಡೆಗೆ.

"ಅಮ್ಮ, ಬ್ಯಾಡ."

"ಕಾಕಾ," ಅಂದಳು ವಿಜಯಾ, "ಈಗ ಹೀಗೆ ಯಾರೂ ಮಾಡಲ್ಲ ಅಂತ ಓದಿದ್ದೆ. ಮೂಳೆಗೆ ಏನಾದರೂ..."

"ಯಾವ ಮೆಡಿಕಲ್ ಕಾಲೇಜಿನಾಗ ಓದಿದ್ಯವಾ?"

ಮತ್ತೆ ನಗು. ವಿಶ್ವಾಸ್ ಹೆಂಡತಿಗೆ ಕಣ್ಣಿನಲ್ಲೇ ಸಾಕು ಅಂದ. ಕಮಲವ್ವ, "ಅವರಿಗಿಂತ ನಮಗ ಹೆಚ್ಚು ತಿಳಿತೈತೇನು, ಸುಮ್ಮನಿರು," ಅಂದರು. ಕಾಕಾ ಟವೆಲನ್ನು ಸುರುಳಿ ಸುತ್ತಿ ಊಟದ ಮೇಜಿನ ಮೇಲಿಟ್ಟು, ಗಾರ್ಗಿಯ ಮಣಿಕಟ್ಟನ್ನು ಅದರ ಮೇಲೆ ಬಗ್ಗಿಸಿ ಕೂರಿಸಿದರು.

"ವಿಜಯಾ, ಹಿಡ್ಕೋವಾ. ಹುಡುಗಿ ಅಲುಗಾಡಿದ್ರ ಪೆಟ್ಟು ತಪ್ಪತದ."

ವಿಜಯಾ ಮಗಳ ಮುಂಗೈಯನ್ನು ಎರಡೂ ಕೈಯಿಂದ ಹಿಡಿದಳು.

"ಬ್ಯಾಡ ಅಂದ್ನಲ್ಲ," ಅಂದಳು ಗಾರ್ಗಿ. ಜೋರಾಗಿ ಅಲ್ಲ, ತಾಯಿಗೆ ಮಾತ್ರ ಕೇಳುವ ಹಾಗೆ.

"ಒಂದೇ ನಿಮಿಷ, ಪುಟ್ಟಿ."

ಪುಸ್ತಕ ಚಪ್ಪಟೆಯಾಗಿ ಬಿತ್ತು. ತಟ್ಟೆಗಳು ಕುಣಿದವು. ಗಾರ್ಗಿಯ ಬಾಯಿಂದ ಬಂದ ಸದ್ದು ಅಳುವಲ್ಲ. ಹೊಟ್ಟೆಗೆ ಗುದ್ದಿಸಿಕೊಂಡವರು ಗಾಳಿ ಬಿಡುವ ಸದ್ದು. ಕಾಕಾ ಪುಸ್ತಕ ಎತ್ತಿದರು. ಗಂಟು ಇರಲಿಲ್ಲ.

"ಖಲಾಸ್," ಅಂದರು. ವಿಶ್ವಾಸ್ ಚಪ್ಪಾಳೆ ತಟ್ಟಿದ. ಕಮಲವ್ವ ಮೂರನೆಯ ಹೋಳಿಗೆ ಬಡಿಸಿದರು.

ಸಂಜೆಗೆ ಕೈ ಊದಿಕೊಂಡಿತು. "ಒಡೆದ ನೀರು ಒಳಗ ಹರಡೇದ. ಐಸ್ ಹಚ್ರಿ," ಅಂದರು ಕಾಕಾ. ವಿಜಯಾ ಐಸ್ ಹಚ್ಚಿದಳು. ಗಾರ್ಗಿ ಟಿವಿಯ ಕಡೆ ಮುಖ ಮಾಡಿ ಕೈ ಮಾತ್ರ ಕೊಟ್ಟಿದ್ದಳು, ಅಂಗಡಿಯಲ್ಲಿ ಬಳೆ ತೊಡಿಸಿಕೊಳ್ಳುವವರ ಹಾಗೆ.

ಭಾನುವಾರದ ಸಂಘದ ಊಟಕ್ಕೆ ಪ್ರತಿ ವರ್ಷ ಇನ್ನೂರು ರೊಟ್ಟಿ ಹೋಗುತ್ತಿದ್ದುದು ಈ ಮನೆಯಿಂದ. ಬೆಳಿಗ್ಗೆ ಆರೂವರೆಗೆ ವಿಜಯಾ ಸ್ನಾನ ಮುಗಿಸಿ, ಕಾರ್ಯಕ್ರಮಕ್ಕೆ ಸೀರೆ ಉಟ್ಟು ಕೆಳಗೆ ಬಂದಾಗ ಅಡಿಗೆಮನೆಯಿಂದ ಬಡಿಯುವ ಸದ್ದು ಕೇಳಿಸಿತು. ಎಂದಿನ ಸದ್ದಲ್ಲ. ಎರಡು ಪೆಟ್ಟು, ಒಂದು ತಡೆ, ಮತ್ತೆ ಎರಡು ಪೆಟ್ಟು. ಬುಟ್ಟಿಯಲ್ಲಿ ನಲವತ್ತರಷ್ಟು ರೊಟ್ಟಿ. ಗಾರ್ಗಿ ಎಡಗೈಯಿಂದ ಬಡಿದು, ತಿರುಗಿಸಲು ಮಾತ್ರ ಬಲಗೈ ತಾಗಿಸುತ್ತಿದ್ದಳು. ಆ ಕೈ ಮೊಣಕೈವರೆಗೆ ಊದಿ ಮಣಿಕಟ್ಟಿನ ಸುತ್ತ ನೀಲಿಗಟ್ಟಿತ್ತು.

"ಯಾರು ಕೂರಿಸಿದ್ದು ಇವಳನ್ನ?"

"ನಾನ," ಅಂದರು ಹಂಚಿನ ಮುಂದಿದ್ದ ಕಮಲವ್ವ. "ಗಂಟು ಹೋತಲ್ಲ. ಬಾವು ಎರಡು ದಿನಕ್ಕ ಇಳಿತೈತಿ. ನೂರಾ ಅರವತ್ತು ಇನ್ನೂ ಬಾಕಿ ಅದಾವು."

ವಿಜಯಾ ಒಲೆಯ ಗುಂಡಿ ತಿರುಗಿಸಿ ಆರಿಸಿದಳು. ಹಂಚಿನ ಮೇಲಿನ ರೊಟ್ಟಿ ಅರ್ಧ ಬೆಂದು ನಿಂತಿತು.

"ಏನ್ ಮಾಡಾಕತ್ತಿ ವಿಜಯಾ? ಮಂದಿ ಕಾಯತಾರ."

"ಕಾಯಲಿ, ಅತ್ತೆ. ಇಲ್ಲಾ ಅನ್ನ ತಿನ್ನಲಿ."

"ಸಂಘದಾಗ ನನ್ನ ಮರ್ಯಾದಿ..."

"ನಿಮ್ಮ ಮರ್ಯಾದೆಗೆ ನನ್ನ ಮಗಳ ಕೈ ಬೇಕಾ?"

ಗದ್ದಲಕ್ಕೆ ವಿಶ್ವಾಸ್ ಪಂಚೆ ಉಡುತ್ತ ಬಂದ. "ಮನಿಯಾಗ ಹಿರಿಯರು ಅದಾರ, ಮೆತ್ತಗ ಮಾತಾಡು. ಆಸ್ಪತ್ರಿಗೆ ನಾಳೆ ಹೋದ್ರಾತು. ಕಾಕಾ ಏನ ತಿಳಕೊಂಡಾರು?"

"ಕೀ ಎಲ್ಲಿ?" ಅಂದಳು ವಿಜಯಾ.

ತುರ್ತು ಚಿಕಿತ್ಸಾಲಯದಲ್ಲಿ ಎಕ್ಸ್‌ರೇ ತೆಗೆದರು. ಮಣಿಕಟ್ಟಿಗೆ ಸೇರುವ ಎಲುಬಿನ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು. ಆರು ವಾರ ಪ್ಲಾಸ್ಟರ್. ಡಾಕ್ಟರು ಮೂವತ್ತೈದರ ಆಸುಪಾಸಿನ ಹೆಂಗಸು. ನೀಲಿಗಟ್ಟಿದ ಚರ್ಮವನ್ನೇ ನೋಡುತ್ತ, ಅದು ಹೇಗಾಯಿತೆಂದು ಕೇಳಿದರು. ವಿಜಯಾ ಬಾಯಿ ತೆರೆಯುವ ಮೊದಲೇ, "ನೀವು ಸ್ವಲ್ಪ ಹೊರಗಿರಿ, ಇವಳೊಬ್ಬಳ ಜೊತೆ ಮಾತಾಡಬೇಕು," ಅಂದರು. ದನಿಯಲ್ಲಿ ವಿನಯವಿತ್ತು. ಆ ವಿನಯದ ಹಿಂದಿನ ಅನುಮಾನ ವಿಜಯಾಳಿಗೆ ತಿಳಿಯಿತು. ಯುಗಾದಿಯ ರೇಷ್ಮೆಸೀರೆಯಲ್ಲಿ ಅವಳು ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹನ್ನೊಂದು ನಿಮಿಷ ಕುಳಿತಳು.

ಕಾರಿನಲ್ಲಿ ಕೇಳಿದಳು. "ಏನು ಹೇಳಿದೆ?"

"ಡ್ರಮ್ ಸ್ಟ್ಯಾಂಡಿನ ಮ್ಯಾಲ ಬಿದ್ದೆ ಅಂದೆ."

"ಯಾಕೆ?"

"ಇಲ್ಲಾಂದ್ರ ಪೊಲೀಸರನ್ನ ಕರೀತಿದ್ರು. ಕೈ ಹಿಡಿದಾಕಿ ನೀನು." ಗಾರ್ಗಿ ಕಿಟಕಿಯ ಕಡೆ ತಿರುಗಿದಳು. "ಸೀಟ್‌ಬೆಲ್ಟ್ ಹಾಕು. ನನಗ ಹಾಕ್ಕೊಳಾಕ ಬರವಲ್ದು."

ಮಗಳು ಹೇಳಿದ ಸುಳ್ಳಿಗಿಂತ ಆ ಸುಳ್ಳು ಮನೆಯಲ್ಲಿ ಬೆಳೆದ ರೀತಿ ವಿಜಯಾಳಿಗೆ ಹೆಚ್ಚು ಸಿಟ್ಟು ತರಿಸಿತು. ವಿಶ್ವಾಸ್ ಅದನ್ನು ಕೇಳಿ ಉಸ್ಸೆಂದು ನಿರಾಳನಾದ. ಸಂಘದವರು ರೊಟ್ಟಿ ಯಾಕೆ ಕಡಿಮೆ ಬಂತೆಂದು ಕೇಳಿದ್ದಕ್ಕೆ, ಮಗಳು ಡ್ರಮ್ಮಿನ ಮೇಲೆ ಬಿದ್ದಳೆಂದ. ಮುಂದಿನ ವಾರ ಕಮಲವ್ವ ಧಾರವಾಡದ ತಂಗಿಗೆ ಫೋನಿನಲ್ಲಿ, "ಹೆಣ್ಣುಹುಡುಗಿಗೆ ಡ್ರಮ್ ಯಾಕ ಅಂತ ಬಡಕೊಂಡೆ. ಕೇಳಿದ್ರೇನು? ಕೈ ಮುರಕೊಂಡು ಕುಂತಾಳ," ಅನ್ನುತ್ತಿದ್ದರು. ಎದುರಿಗೇ ಎಡಗೈಯಲ್ಲಿ ಚಮಚ ಹಿಡಿದು ಅನ್ನ ಉಣ್ಣುತ್ತಿದ್ದ ಗಾರ್ಗಿ ಒಂದು ಕ್ಷಣ ಚಮಚ ನಿಲ್ಲಿಸಿದಳು, ಮತ್ತೆ ಉಂಡಳು.

"ಅತ್ತೆ, ಅದು ಸುಳ್ಳು ಅಂತ ನಿಮಗೆ ಗೊತ್ತು."

"ಆಸ್ಪತ್ರಿ ಕಾಗದದಾಗ ಹಂಗ ಬರದಾರಂತಲ್ಲ."

ಬರೆದಿದ್ದರು. ವಿಜಯಾಳ ಪ್ರಯೋಗಾಲಯದಲ್ಲಿ ಒಂದು ಬಾಟಲಿ ಒಡೆದರೂ ವರದಿ ಬರೆಯಬೇಕು: ಏನಾಯಿತು, ಯಾರು ಮಾಡಿದ್ದು, ಯಾವಾಗ. ಕಪ್ಪು ಶಾಯಿಯಲ್ಲೇ ಬರೆಯಬೇಕು. ಅಳಿಸುವಂತಿಲ್ಲ. ತಪ್ಪಾದರೆ ಒಂದೇ ಗೆರೆ ಎಳೆದು, ಯಾರು ತಿದ್ದಿದರೋ ಅವರು ಪಕ್ಕದಲ್ಲಿ ಸಹಿ ಹಾಕಬೇಕು. ಹದಿನಾಲ್ಕು ವರ್ಷ ಅವಳು ಹೊಸಬರಿಗೆ ಇದನ್ನೇ ಕಲಿಸುತ್ತ ಬಂದಿದ್ದಳು. ತನ್ನ ಮಗಳ ಕೈಯ ಕಾಗದದಲ್ಲಿ ಮಾತ್ರ ಹಸಿ ಸುಳ್ಳು ಅಚ್ಚಾಗಿ ಕೂತಿತ್ತು.

ಗಾರ್ಗಿ ಆಯಿಯೊಡನೆ ಮಾತು ಬಿಟ್ಟಿರಲಿಲ್ಲ, ಅದೇ ವಿಚಿತ್ರ. ಬೆಳಿಗ್ಗೆ ಜಡೆ ಹಾಕಿಸಿಕೊಳ್ಳಲು ಆಯಿಯ ಮುಂದೆ ಹೋಗಿ ಕೂರುತ್ತಿದ್ದಳು. ಮೊಣಕಾಲು ನೋವಿನ ಮುದುಕಿ ಮಂಚದ ಮೇಲೆ, ಮೊಮ್ಮಗಳು ನೆಲದ ಮೇಲೆ. ಒಂದು ದಿನ ವಿಜಯಾ ಬಾಚಣಿಗೆ ತೆಗೆದುಕೊಂಡಳು.

"ಬಾ, ನಾನು ಹಾಕ್ತೀನಿ. ಅತ್ತೆಗೆ ಕೈ ಎತ್ತೋದು ಕಷ್ಟ."

"ಬ್ಯಾಡ."

"ಅವರ ಮೇಲೆ ಸಿಟ್ಟಿಲ್ಲ, ನನ್ನ ಮೇಲೆ ಯಾಕೆ?"

"ಆಯಿಗೆ ಗೊತ್ತಿರಲಿಲ್ಲ," ಅಂದಳು ಗಾರ್ಗಿ. "ಅಪ್ಪಗೂ ಗೊತ್ತಿರಲಿಲ್ಲ. ನಿನಗ ಗೊತ್ತಿತ್ತು."

ಏಪ್ರಿಲ್ ಹನ್ನೆರಡರಂದು ಶಾಲೆಯ ಮೂವರು ಆಡಿಷನ್ನಿಗೆಂದು ಆಸ್ಟಿನ್ನಿಗೆ ಹೋದರು. ಗಾರ್ಗಿ ದಿನವಿಡೀ ತನ್ನ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಮಧ್ಯಾಹ್ನ ಕಾಕಾ ಫೋನು ಮಾಡಿದರು. ವಿಶ್ವಾಸ್ ಸ್ಪೀಕರಿಗೆ ಹಾಕಿದ.

"ಹೆಂಗದ ಹುಡುಗಿ ಕೈ? ಸ್ಟ್ಯಾಂಡಿನ ಮ್ಯಾಲ ಬಿದ್ದಳಂತ ಕೇಳಿದೆ. ಜೋಪಾನ ಮಾಡ್ರಿ."

ಬೇಳೆ ಆರಿಸುತ್ತಿದ್ದ ವಿಜಯಾ ಮೊರ ಕೆಳಗಿಟ್ಟಳು. "ಯಾರು ಹೇಳಿದರು ಕಾಕಾ, ಬಿದ್ದಳು ಅಂತ?"

"ವಿಶ್ವಾಸ ಹೇಳಿದ."

"ಅವಳು ಬೀಳಲಿಲ್ಲ. ನೀವು ಹೊಡೆದಿರಿ."

ವಿಶ್ವಾಸ್ ಫೋನಿಗೆ ಕೈ ಹಾಕಿದ. ವಿಜಯಾ ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

ಕಾಕಾ ನಿಧಾನವಾಗಿ ಹೇಳಿದರು, "ನಾನು ಉಪಕಾರಕ್ಕಂತ ಮಾಡಿದ್ದು. ಐವತ್ತು ವರ್ಷದಾಗ ನನಗ ಯಾರೂ ಹಿಂಗ ಅಂದಿಲ್ಲ. ಮತ್ತ ಕೈ ಹಿಡಿದಾಕಿ ನೀನ ಅಲ್ಲೇನವಾ?"

"ಹೌದು," ಅಂದಳು ವಿಜಯಾ. "ನಾನೇ."

ಫೋನು ಕಟ್ಟಾಯಿತು. ವಿಶ್ವಾಸ್ ಎದ್ದು ನಿಂತ. "ಸಮಾಧಾನ ಆತೇನು? ಆ ಮನುಷ್ಯನ ಅನ್ನ ಉಂಡೇನಿ ನಾನು."

"ನೀವು ಉಂಡಿದ್ದು. ತೀರಿಸಿದ್ದು ಅವಳ ಕೈಯಿಂದ."

"ಅವರು ಬೇಕಂತ ಮಾಡಿದ್ರೇನು?"

"ಇಲ್ಲ. ನೀವೂ ಬೇಕಂತ ಕ್ಯಾನ್ಸಲ್ ಮಾಡಲಿಲ್ಲ, ನಾನೂ ಬೇಕಂತ ಹಿಡೀಲಿಲ್ಲ. ಅದಕ್ಕೇ ಈಗ ಎಲ್ಲರೂ ಸೇರಿ ಅವಳೇ ಬಿದ್ದಳು ಅಂತಿದ್ದೀವಿ. ನಾಚಿಕೆ ಆಗಲ್ಲವೇನ್ರೀ?"

"ಇಬ್ಬರೂ ಬಾಯಿ ಮುಚ್ರಿ," ಅಂದರು ಕಮಲವ್ವ. ಗಾರ್ಗಿ ಮಹಡಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ತಿಳಿಯದು. ಕೆಳಗಿಳಿದು ಬಂದು, ಫ್ರಿಜ್ಜಿನಿಂದ ನೀರು ತೆಗೆದುಕೊಂಡು, ಯಾರನ್ನೂ ನೋಡದೆ ಮೇಲಕ್ಕೆ ಹೋದಳು.

ಅಂದಿನಿಂದ ಶನಿವಾರ ಮನೆಯಲ್ಲಿ ರೊಟ್ಟಿ ಆಗಲಿಲ್ಲ. ವಿಜಯಾ ಅನ್ನ, ಸಾರು, ಪಲ್ಯ ಮಾಡಿಟ್ಟಳು. ಕಮಲವ್ವ ಎರಡು ಶನಿವಾರ ಮುಖ ತಿರುಗಿಸಿ ಉಂಡರು. ಮೂರನೆಯ ಶನಿವಾರ ತಾವೇ ಹಂಚು ಇಟ್ಟು, ಮಗನನ್ನು ಕೂಗಿ ಕರೆದರು.

"ವಿಶ್ವಾಸ, ಬಾ ಇಲ್ಲಿ. ಹಿಟ್ಟು ನಾದು."

"ನಾನಾ?"

"ರೊಟ್ಟಿ ತಿನ್ನಾವ ನೀನ ಅಲ್ಲೇನು? ನಿನ್ನ ಕೈಗೇನಾಗೈತಿ?"

ವಿಶ್ವಾಸ್ ನಾದಿದ ಹಿಟ್ಟು ಬಿರಿದು ಹೋಯಿತು. ಯಾರೂ ನಗಲಿಲ್ಲ. ಆದರೆ ಕಮಲವ್ವ ಅವನನ್ನು ಬಿಡಲೂ ಇಲ್ಲ.

ಮೇ ತಿಂಗಳಲ್ಲಿ ಪ್ಲಾಸ್ಟರ್ ತೆಗೆದರು. ಕೈ ಸಣ್ಣಗೆ, ಬೆಳ್ಳಗೆ, ಬೇರೆ ಯಾರದೋ ಕೈಯಂತೆ ಕಂಡಿತು. ಎರಡು ವಾರಕ್ಕೆ ಗಂಟು ಅದೇ ಜಾಗದಲ್ಲಿ ಮತ್ತೆ ಮೂಡಿತು. ಮೊದಲು ಹುರಿಗಡಲೆಯಷ್ಟು, ಆಮೇಲೆ ಕಡಲೆಬೀಜದಷ್ಟು, ಜೂನಿನ ಹೊತ್ತಿಗೆ ಹಳೆಯ ದ್ರಾಕ್ಷಿಯಷ್ಟು. ಶಾಲೆಯ ಬ್ಯಾಂಡ್ ಮೇಷ್ಟ್ರು ಡ್ರಮ್ಮರುಗಳ ಕೈ ನೋಡುವ ಒಬ್ಬ ತಜ್ಞರ ಹೆಸರು ಬರೆದುಕೊಟ್ಟಿದ್ದರು. ಅವರು ಇದ್ದದ್ದು ಆಸ್ಟಿನ್ನಿನಲ್ಲಿ.

"ಮನಿ ಮುಂದ ಇಷ್ಟು ದೊಡ್ಡ ದೊಡ್ಡ ಆಸ್ಪತ್ರಿ ಇಟಗೊಂಡು ಮೂರು ತಾಸು ಡ್ರೈವ್ ಮಾಡಕೊಂಡು ಆಸ್ಟಿನ್ ಯಾಕ?" ಅಂದ ವಿಶ್ವಾಸ್.

"ಅಲ್ಲಿ ಯಾರೂ ಕಾಕಾನ ಗೆಳೆಯರಿಲ್ಲ," ಅಂದಳು ಗಾರ್ಗಿ.

ಹೊರಡುವ ಬೆಳಿಗ್ಗೆ ವಿಶ್ವಾಸ್ ಕಾರಿಗೆ ತಾನೇ ಪೆಟ್ರೋಲ್ ತುಂಬಿಸಿ ತಂದು, ಕೀಯನ್ನು ವಿಜಯಾಳ ಕೈಗೆ ಕೊಡದೆ ಮೇಜಿನ ಮೇಲಿಟ್ಟು ಹೋದ. ಕಮಲವ್ವ ಡಬ್ಬಿಯಲ್ಲಿ ಮೊಸರನ್ನ ಕಟ್ಟಿಕೊಟ್ಟರು. ದಾರಿಯುದ್ದಕ್ಕೂ ಗಾರ್ಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎಡಗೈ ಬೆರಳುಗಳಿಂದ ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದಳು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

ಕ್ಲಿನಿಕ್ಕಿನಲ್ಲಿ ನಾಲ್ಕು ಪುಟದ ಫಾರ್ಮು ಕೊಟ್ಟರು. ಹೆಸರು, ವಯಸ್ಸು, ಇನ್ಶೂರೆನ್ಸ್, ಅಲರ್ಜಿ. ವಿಜಯಾ ಪರ್ಸಿನಿಂದ ತನ್ನ ಕಪ್ಪು ಪೆನ್ನು ತೆಗೆದು ಒಂದೊಂದೇ ತುಂಬಿದಳು. ಮೂರನೆಯ ಪುಟದಲ್ಲಿ ಒಂದು ಪ್ರಶ್ನೆ: ಈ ಜಾಗಕ್ಕೆ ಮುಂಚೆ ಪೆಟ್ಟಾಗಿದೆಯೆ, ಚಿಕಿತ್ಸೆ ಆಗಿದೆಯೆ, ಆಗಿದ್ದರೆ ಹೇಗೆ. ಕೆಳಗೆ ಐದು ಖಾಲಿ ಗೆರೆ.

ಹಳೆಯ ಎಕ್ಸ್‌ರೇ ಕಾಗದ ಅವಳ ತೊಡೆಯ ಮೇಲಿತ್ತು. ಅದರಲ್ಲಿದ್ದಂತೆ ಬರೆದರೆ ಯಾರೂ ಏನೂ ಕೇಳುವುದಿಲ್ಲ. ಬೇರೆ ಬರೆದರೆ ಕೇಳಬಹುದು. ಮಕ್ಕಳ ರಕ್ಷಣಾ ಇಲಾಖೆಗೆ ಫೋನು ಹೋಗಬಹುದು. ಮನೆಯ ಬಾಗಿಲಿಗೆ ಯಾರೋ ಬಂದು ಡಾಕ್ಟರ್ ಶ್ಯಾಮಸುಂದರ ಯಾರು ಎಂದು ವಿಚಾರಿಸಬಹುದು. ವಿಶ್ವಾಸ್ ಎಂದೂ ಕ್ಷಮಿಸದೆ ಇರಬಹುದು. ಇದನ್ನೆಲ್ಲ ಅವಳು ಮೂರು ತಾಸಿನ ದಾರಿಯಲ್ಲಿ ಲೆಕ್ಕ ಹಾಕಿ ಆಗಿತ್ತು.

ಅವಳು ಇಂಗ್ಲಿಷಿನಲ್ಲಿ ಬರೆದಳು. ಮಾರ್ಚ್ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ, ನಮ್ಮ ಮನೆಯ ಊಟದ ಮೇಜಿನ ಮೇಲೆ, ಕುಟುಂಬದ ಸ್ನೇಹಿತರಾದ ಒಬ್ಬ ನಿವೃತ್ತ ವೈದ್ಯರು ಗಂಟನ್ನು ಒಡೆಯಲು ನಾನೂರು ಪುಟದ ಪುಸ್ತಕದಿಂದ ಹೊಡೆದರು. ಆಗ ಅವಳ ಕೈಯನ್ನು ಅಲುಗಾಡದಂತೆ ಹಿಡಿದುಕೊಂಡವಳು ನಾನು, ತಾಯಿ. ಎಲುಬು ಬಿರುಕು ಬಿಟ್ಟಿದ್ದು ಅದರಿಂದ. ಜೊತೆಗಿರುವ ಹಳೆಯ ವರದಿಯಲ್ಲಿ ಬಿದ್ದಳೆಂದು ಇರುವುದು ನಿಜವಲ್ಲ.

ಬರೆದು ಮುಗಿಸಿ ಮತ್ತೊಮ್ಮೆ ಓದಿದಳು. ಪಕ್ಕದಲ್ಲಿ ಗಾರ್ಗಿ ಹೆಡ್‌ಫೋನ್ ತೆಗೆದಿದ್ದಳು.

"ಕೊಡಿಲ್ಲಿ," ಅಂದಳು.

ಅವಳು ನಿಧಾನವಾಗಿ ಓದಿದಳು. ವಿಜಯಾ ಎದುರಿನ ಗೋಡೆಯ ಮೇಲಿದ್ದ ಕೈಯ ಎಲುಬುಗಳ ಚಿತ್ರ ನೋಡುತ್ತ ಕುಳಿತಳು. ಇಪ್ಪತ್ತೇಳು ಎಲುಬು, ಪ್ರತಿಯೊಂದಕ್ಕೂ ಒಂದು ಹೆಸರು.

"ಪೆನ್ನು."

ವಿಜಯಾ ಪೆನ್ನು ಕೊಟ್ಟಳು. ಗಾರ್ಗಿ ಅದನ್ನು ಎಡಗೈಗೆ ತೆಗೆದುಕೊಂಡು, ಒಂದು ಗಳಿಗೆ ತಡೆದು, ಬಲಗೈಗೆ ಬದಲಾಯಿಸಿದಳು. ಮಣಿಕಟ್ಟು ಬಗ್ಗಿದಾಗ ತುಟಿ ಕಚ್ಚಿದಳು. ಉಳಿದಿದ್ದ ಒಂದೇ ಗೆರೆಯ ಮೇಲೆ ಒತ್ತಿ ಒತ್ತಿ ಬರೆದಳು: ನಾನು ಬೇಡ ಅಂದಿದ್ದೆ. ಎರಡು ಸಲ.

ವಿಜಯಾ ಆ ಗೆರೆ ಓದಿದಳು. ದಿನ ಬರೆದಿದ್ದಳು, ಹೊತ್ತು ಬರೆದಿದ್ದಳು, ಪುಸ್ತಕದ ಪುಟ ಎಷ್ಟೆಂದೂ ಬರೆದಿದ್ದಳು. ಇದನ್ನು ಬರೆದಿರಲಿಲ್ಲ.

"ಸೇರಿಸಿದವರು ಪಕ್ಕದಲ್ಲಿ ಸಹಿ ಹಾಕಬೇಕು," ಅಂದಳು.

ಗಾರ್ಗಿ ಸಹಿ ಹಾಕಿದಳು. ಪೆನ್ನನ್ನು ತಾಯಿಗೆ ವಾಪಸು ಕೊಡದೆ, ಫಾರ್ಮು ಎತ್ತಿಕೊಂಡು ತಾನೇ ಕೌಂಟರಿಗೆ ನಡೆದಳು.